ಶಿಗ್ಗಾಂವಿಯ ಹಾಲಹಲ್ಲು

ಶಿಗ್ಗಾಂವಿಯಲ್ಲಿ ವಯಸ್ಸಾಗುವುದು ಬಹಳ ಸುಲಭ. ಲಗ್ನವಾದ ಎರಡು ವರ್ಷಕ್ಕೆ ಗಂಡಸಿಗೆ ಹೊಟ್ಟೆ, ಹೆಂಗಸಿಗೆ ಮೊಣಕಾಲುನೋವು ಬಂದರೆ ಅರ್ಧ ಕೆಲಸ ಮುಗಿದಂತೆ; ಉಳಿದರ್ಧವನ್ನು ಊರಿನವರೇ 'ಕಾಕಾ', 'ಚಿಗವ್ವ' ಎಂದು ಕರೆದು ಮುಗಿಸಿಕೊಡುತ್ತಾರೆ. ಇಷ್ಟು ಅನುಕೂಲವಿದ್ದೂ ಕೆಲವರು ವಯಸ್ಸಾಗಲು ಒಪ್ಪುವುದಿಲ್ಲ. ಐವತ್ತೆರಡರಲ್ಲಿ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಓಪನಿಂಗ್ ಇಳಿಯುವ ವಕೀಲರಿದ್ದಾರೆ. ಮೊಮ್ಮಗನಿಗೆಂದು ರಿಮೋಟ್ ಕಾರು ತಂದು ಇನ್ನೂ ಮೊಮ್ಮಗನಿಗೆ ಮುಟ್ಟಗೊಡದ ನಿವೃತ್ತ ಪೋಸ್ಟ್‌ಮಾಸ್ತರರಿದ್ದಾರೆ. ಇಂಥವರಿಗೆ 'ಕಿಡಲ್ಟ್' ಅನ್ನುತ್ತಾರೆಂದು ಪೇಪರಿನ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ಶಿಗ್ಗಾಂವಿ ಆ ಶಬ್ದವನ್ನು ಓದಿ, ಮಡಚಿ, ಮಿರ್ಚಿ ಕಟ್ಟಲು ಕೊಟ್ಟಿತು. ನಮ್ಮಲ್ಲಿ ಮೊದಲೇ ಒಂದಿತ್ತು: 'ಹಾಲಹಲ್ಲು'.

"ಅವರಾ? ಅವರು ಹಾಲಹಲ್ಲು ಬಿಡ್ರಿ" ಅಂದರೆ, ಉಳಿದ ಹಲ್ಲೆಲ್ಲ ಉದುರಿದರೂ ಹಾಲಿನವು ಮಾತ್ರ ಬಿದ್ದಿಲ್ಲ ಎಂದು ಅರ್ಥ. ಅದು ಬೈಗುಳವೋ ಹೊಗಳಿಕೆಯೋ ಎಂಬುದು ಅನ್ನುವವನ ಹೊಟ್ಟೆಕಿಚ್ಚಿನ ಮೇಲೆ ಹೋಗುತ್ತದೆ.

ಊರಿನ ಹಾಲಹಲ್ಲುಗಳಲ್ಲಿ ಮೊದಲ ಸ್ಥಾನ ಲೇಡೀಸ್ ಟೇಲರ್ ನಾಗರತ್ನಾಳದು. ವಯಸ್ಸು ನಲವತ್ತಾರು. ಗಿಳಿಹಸಿರು ಬಣ್ಣದ ಸ್ಕೂಟಿ, ಸೀರೆಯ ಕೆಳಗೆ ಕಿತ್ತಳೆ ಬಣ್ಣದ ಬೂಟು, ಬೆಕ್ಕಿನ ಕಿವಿ ಇರುವ ಹೆಲ್ಮೆಟ್ಟು. ಕಾರಹುಣ್ಣಿಮೆ ಬಂದರೆ ಮಾಳಿಗೆ ಹತ್ತಿ ಗಾಳಿಪಟ ಬಿಡುತ್ತಾಳೆ; ಓಣಿಯ ಹುಡುಗಿಯರು ಕುಂಟಾಟ ಆಡುವಾಗ ಬ್ಲೌಸಿನ ಅಳತೆ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಎರಡು ಮನೆ ಗೆದ್ದು ಬರುತ್ತಾಳೆ. ಅಳತೆ ಕೊಡಲು ಬಂದವರು ಕೈ ಮೇಲೆತ್ತಿಕೊಂಡೇ ಕಾಯುತ್ತಾರೆ. ಯಾಕೆಂದರೆ ಅವಳಷ್ಟು ಚಂದ ಹೊಲಿಯುವವರು ಈ ಕಡೆ ಹಾನಗಲ್ಲಿನವರೆಗೆ, ಆ ಕಡೆ ಸವಣೂರಿನವರೆಗೆ ಯಾರೂ ಇಲ್ಲ.

ಅವಳ ಗಂಡ ಶಿವಯೋಗಿ ದಲಾಲಿ ಅಂಗಡಿಯಲ್ಲಿ ಕಾಳು ತೂಗುವವ, ಹುಟ್ಟುವಾಗಲೇ ರಿಟೈರಾದ ಮನುಷ್ಯ. ಒಬ್ಬಳೇ ಮಗಳು ಶೈಲಶ್ರೀ ಅಪ್ಪನನ್ನು ಹೋಲುತ್ತಿದ್ದಳು. ಸವಣೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಇಪ್ಪತ್ತಾರನೇ ವಯಸ್ಸಿಗೇ ಬೆಳಿಗ್ಗೆ ಮೆಂತ್ಯದ ನೀರು ಕುಡಿಯುತ್ತಾಳೆ. "ಈ ಮನ್ಯಾಗ ತಾಯಿ ಯಾರು, ಮಗಳು ಯಾರು ಅನ್ನೋದು ರೇಶನ್ ಕಾರ್ಡ್ ನೋಡಿದ ಮ್ಯಾಲ ಗೊತ್ತಾಕ್ಕೈತಿ" ಎಂದು ಎದುರಿನ ಹಿಟ್ಟಿನ ಗಿರಣಿಯ ರಾಜೇಸಾಬ ಹೇಳುತ್ತಿದ್ದ.

ಇಂಥ ಶೈಲಶ್ರೀ ಒಂದು ಗುರುವಾರ ಶಾಲೆಯಿಂದ ಬಂದವಳೇ, ಬ್ಯಾಗನ್ನೂ ಇಳಿಸದೆ, ತಾಯಿಯ ಹೊಲಿಗೆ ಮಷಿನ್ನಿನ ಮುಂದೆ ನಿಂತಳು.

"ಅವ್ವಾ, ಐತವಾರ ಅವರು ನನ್ನ ನೋಡಾಕ ಬರಾಕತ್ತಾರ."

'ಅವರು' ಅಂದರೆ ಅಬಲೂರಿನ ಸುಭಾಸನ ಮನೆಯವರು. ಸುಭಾಸ ಹಿರೇಕೆರೂರಿನಲ್ಲಿ ವಿಜ್ಞಾನದ ಮಾಸ್ತರ. ಹಾವೇರಿಯ ತರಬೇತಿಯಲ್ಲಿ ಒಂದೇ ಬೆಂಚಿನ ಮೇಲೆ ಐದು ದಿನ ಕುಳಿತು ಇಬ್ಬರೂ ಒಬ್ಬರ ಟಿಪ್ಪಣಿ ಒಬ್ಬರು ತಿದ್ದಿದ್ದರು. ಗಣಿತದವರ ಪ್ರೇಮ ಹಾಗೇ ಶುರುವಾಗುವುದು. ತಾಯಿಯಿಲ್ಲದ ಸುಭಾಸನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಸೋದರತ್ತೆ ಮಹಾದೇವಕ್ಕ. ಅವಳು 'ಹೂಂ' ಅಂದರೆ ಲಗ್ನ, 'ನೋಡೂಣು' ಅಂದರೆ ಇಲ್ಲ. ಹೋದ ವರ್ಷ ಅಕ್ಕಿಆಲೂರಿನ ಒಂದು ಸಂಬಂಧವನ್ನು, ಹುಡುಗಿಯ ಅಪ್ಪ ಅಂಗಳದಲ್ಲಿ ಸೀಟಿ ಹೊಡೆದನೆಂಬ ಒಂದೇ ಕಾರಣಕ್ಕೆ ಬಿಟ್ಟು ಬಂದಿದ್ದಳು.

"ಬರ್ಲಿ ಬಿಡು. ನಾ ಏನ್ ಹುಲಿ ಏನು?" ಅಂದಳು ನಾಗರತ್ನಾ, ಬಾಯಲ್ಲಿ ಲಾಲಿಪಾಪು ಇಟ್ಟುಕೊಂಡೇ.

"ಅದ ನೋಡು. ಬಾಯಾಗಿಂದ ಅದನ್ನ ತಗಿ ಮೊದ್ಲ. ಅವ್ವಾ, ಒಂದ ದಿನ. ಒಂದ ದಿನ ವಯಸ್ಸಾದಾಕಿ ಆಗು."

"ಹ್ಯಾಂಗ ಆಗಬೇಕ?"

"ಎಲ್ಲಾರ ಅವ್ವಂದಿರು ಹ್ಯಾಂಗ ಇರ್ತಾರ, ಹಂಗ."

"ನಾ ನಿಮ್ಮವ್ವ ಅದೇನಿ. ಎಲ್ಲಾರ ಅವ್ವ ಅಲ್ಲ."

ಶೈಲಶ್ರೀ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು. ಅವಳ ಮೂಗಿನ ತುದಿ ಕೆಂಪಾಗಿತ್ತು. ಎಂಟನೇ ಇಯತ್ತೆಯ ನಂತರ ಮಗಳ ಮೂಗು ಕೆಂಪಾದದ್ದನ್ನು ತಾಯಿ ನೋಡಿರಲಿಲ್ಲ.

"ಆ ಹುಡುಗ ಅಷ್ಟು ಬೇಕಾಗ್ಯಾನೇನ?"

"ಹೂಂ."

ನಾಗರತ್ನಾ ಲಾಲಿಪಾಪನ್ನು ಬಾಯಿಂದ ತೆಗೆದು ದಾರದ ಡಬ್ಬಿಯಲ್ಲಿ ನಿಲ್ಲಿಸಿದಳು. "ಆತು. ಐತವಾರ ನನ್ನ ನೋಡಿದರ ನಿನಗ ಅಳು ಬರಬೇಕ, ಅಂಥಾ ಮುದುಕಿ ಆಗ್ತೇನಿ."

ಹಾಗೆ ಮಾತು ಕೊಟ್ಟಾಗಲೇ ಯಾರಾದರೂ ಹೆದರಬೇಕಿತ್ತು. ಹಾಲಹಲ್ಲುಗಳಿಗೆ ಯಾವ ಆಟವನ್ನೂ ಅರೆಮನಸ್ಸಿನಿಂದ ಆಡಿ ಗೊತ್ತಿಲ್ಲ.

ನಮ್ಮ ಕಡೆ ಹೆಣ್ಣು ನೋಡುವ ಮೊದಲು ಮನೆತನ ವಿಚಾರಿಸುವ ರೂಢಿಯಿದೆ. ಗಂಡಿನ ಕಡೆಯವರು ಎರಡು ದಿನ ಮುಂಚೆ, ಗುರುತು ಹೇಳದೆ, ಆ ಓಣಿಗೆ ಬಂದು ಗಿರಣಿಯಲ್ಲಿ, ಬಳೆ ಅಂಗಡಿಯಲ್ಲಿ, ಚಹಾದ ಅಂಗಡಿಯಲ್ಲಿ ಏನೋ ಕೊಳ್ಳುವ ನೆವದಿಂದ ನಿಂತು, "ಆ ಮನಿಯವರು ಹ್ಯಾಂಗ್ರಿ?" ಎಂದು ಕೇಳುತ್ತಾರೆ. ಅಂಗಡಿಯವರಿಗೆ ಇವರು ಯಾರೆಂದು ಗೊತ್ತು. ಗೊತ್ತು ಎಂಬುದು ಇವರಿಗೂ ಗೊತ್ತು. ಆದರೂ ಎರಡೂ ಕಡೆ ಗಂಭೀರವಾಗಿ ನಡೆಸಿಕೊಡುತ್ತಾರೆ. ಶೈಲಶ್ರೀ ಇದನ್ನೂ ಲೆಕ್ಕದಲ್ಲಿ ಹಿಡಿದು, ಮೂರೂ ಅಂಗಡಿಗೆ ಹೋಗಿ ಕೈಮುಗಿದು ಬಂದಳು: "ಯಾರಾರ ಬಂದು ಕೇಳಿದರ, ನಮ್ಮವ್ವ ಬಾಳ ಗಂಭೀರ ಅಂತ ಅಷ್ಟ ಹೇಳ್ರಿ."

ಒಳ್ಳೆಯ ಜನ ಸುಳ್ಳು ಹೇಳುವಾಗ ಉದಾರಿಗಳಾಗುತ್ತಾರೆ. ಶುಕ್ರವಾರ ಮಹಾದೇವಕ್ಕ ತಾನೇ ಬಂದಳು. ದೊಡ್ಡ ಕುಂಕುಮ, ಬಿಗಿದ ತುಟಿ, ಕೈಯಲ್ಲಿ ಕಪ್ಪು ಛತ್ರಿ.

"ನಾಗಕ್ಕ ಏನ್ರಿ?" ಎಂದ ರಾಜೇಸಾಬ, ಗಿರಣಿ ನಿಲ್ಲಿಸಿ, ಟೊಪ್ಪಿಗೆ ತೆಗೆದು. "ದೇವರಂಥಾ ಹೆಣಮಗಳು. ಗಂಭೀರ ಅಂದ್ರ ಗಂಭೀರ. ಹಿಟ್ಟು ಸಣ್ಣಗ ಬೀಸಬೇಕ್ರಿ ಅವರಿಗೆ. ಗಂಜಿಗೆ. ರೊಟ್ಟಿ ಅಗದು ಎಷ್ಟ ದಿನ ಆತೋ."

ಬಳೆ ಅಂಗಡಿಯ ಶಾಕೀರಾ ನಾಗರತ್ನಾಳ ಜೀವದ ಗೆಳತಿ. ವಾರಕ್ಕೊಮ್ಮೆ ಇಬ್ಬರೂ ಸ್ಕೂಟಿಯ ಮೇಲೆ ಸವಣೂರಿಗೆ ಖಾರದ ತಿಂಡಿ ತಿನ್ನಲು ಹೋಗುವವರು. ಅವಳು ನಿಟ್ಟುಸಿರುಬಿಟ್ಟಳು. "ಮೊದಲ ಎರಡೂವರೆ ಅಳತಿ ಇತ್ರಿ ಅಕ್ಕಂದು. ಈಗ ಎಳಿ ಕೂಸಿನ ಬಳಿ ಹಾಕಿದ್ರೂ ಜಾರ್ತಾವು. ಕೈ ಹಂಗ ಸೊರಗ್ಯಾವ."

ಚಹಾದ ದಾದಾಪೀರ ಹೆಚ್ಚು ಮಾತಿನವನಲ್ಲ. "ಸಕ್ಕರಿ ಇಲ್ಲದ ಚಾ ರೀ. ಅರ್ಧ ಕಪ್ಪು. ಅದನ್ನೂ ಬಶಿಯಾಗ ಹಾಕಿ, ಯಾರಾರ ಕುಡಸಬೇಕು" ಅಂದ.

ಮಹಾದೇವಕ್ಕ ಛತ್ರಿ ಮಡಚಿ ಬಸ್ ಹತ್ತಿದಳು. ಮೂವರೂ ಶೈಲಶ್ರೀಗೆ ಹೇಳಿ ಕಳಿಸಿದ್ದು ಒಂದೇ ಮಾತು: "ಕೆಲಸ ಫತೇ."

ಭಾನುವಾರ ಬೆಳಿಗ್ಗೆ ಸ್ಕೂಟಿಯನ್ನು ತಳ್ಳಿಕೊಂಡು ಹೋಗಿ ಗಿರಣಿಯೊಳಗೆ, ಚೀಲಗಳ ಹಿಂದೆ ಬಚ್ಚಿಟ್ಟರು. ಹೊಲಿಗೆ ಮಷಿನ್ನಿನ ಮೇಲೆ ಚಾದರ ಬಿತ್ತು. ನಾಗರತ್ನಾ ಅತ್ತೆಯ ಕಾಲದ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಸತ್ತ ಮಾವನ ದಪ್ಪ ಕನ್ನಡಕ ಏರಿಸಿ, ಒಂದು ಕೋಲು ಹಿಡಿದು ಕೋಣೆಯಿಂದ ಹೊರಬಂದಳು. ಶಿವಯೋಗಿ ಗಾಬರಿಯಿಂದ ಎದ್ದು ನಿಂತು "ಬರ್ರಿ" ಅಂದ. ಆಮೇಲೆ ಹೆಂಡತಿಯ ಗುರುತು ಹತ್ತಿತು.

"ಕೋಲು ಬ್ಯಾಡ ಅವ್ವಾ, ಹೆಚ್ಚಾತು" ಅಂದಳು ಶೈಲಶ್ರೀ.

"ನಡಿ ನೀ. ಕೋಲಿಲ್ಲದ ನನಗ ಮೂಡು ಬರಂಗಿಲ್ಲ."

ಹನ್ನೊಂದಕ್ಕೆ ಬಂದರು. ಮಹಾದೇವಕ್ಕ, ಸುಭಾಸ. ಮಹಾದೇವಕ್ಕನ ಕೈಯಲ್ಲಿ ಒಂದು ಬಟ್ಟೆಚೀಲ. ಅದರ ಬಾಯಿಂದ ನವಿಲುಬಣ್ಣದ ಒಂದು ಕುಪ್ಪಸದ ಖಣದ ತುದಿ ಹೊರಗೆ ಇಣುಕುತ್ತಿತ್ತು. ಸಂಬಂಧ ಮನಸ್ಸಿಗೆ ಬಂದರೆ ಅಲ್ಲೇ ಹುಡುಗಿಗೆ ಉಡಿ ತುಂಬುವ ತಯಾರಿ. ಖಣ ಚೀಲದಿಂದ ಹೊರಗೆ ಬಂದರೆ ಲಗ್ನ, ಒಳಗೇ ಉಳಿದರೆ ಇಲ್ಲ. ಮನೆಯವರೆಲ್ಲರ ಕಣ್ಣು ಆ ತುದಿಯ ಮೇಲಿತ್ತು. ಟೇಲರಳ ಕಣ್ಣಂತೂ ದಪ್ಪ ಕನ್ನಡಕದೊಳಗಿಂದ ಅದರ ನೇಯ್ಗೆಯನ್ನು ಎಣಿಸುತ್ತಿತ್ತು.

"ಹೊಲೀತಿದ್ರಂತ?" ಕೇಳಿದಳು ಮಹಾದೇವಕ್ಕ.

"ಆ ಕಾಲ ಹೋತ್ರೆವ್ವ. ಈಗ ಸೂಜಿಗೆ ದಾರ ಪೋಣಸೂದಿರ್ಲಿ, ಸೂಜಿ ಎಲ್ಲೈತಿ ಅಂತ ಕಾಣಂಗಿಲ್ಲ." ಕೆಮ್ಮು. ಎರಡನೇ ಕೆಮ್ಮಿಗೆ ಅವಳಿಗೇ ಖುಷಿಯಾಗಿ ಮೂರನೆಯದನ್ನೂ ಹಾಕಿದಳು.

"ವಯಸ್ಸು ಎಷ್ಟ್ರಿ?"

"ಯಾರು ಬರದಿಟ್ಟಾರ್ರಿ? ದೊಡ್ಡ ಬರ ಬಂದ ವರ್ಷ ನಾ ಓಡಾಡ್ತಿದ್ದೆ ಅಂತ ನಮ್ಮವ್ವ ಹೇಳ್ತಿದ್ಲು."

ಯಾವ ಬರ ಎಂದು ಕೇಳುವಷ್ಟು ಕುತೂಹಲ ಸುಭಾಸನಿಗಿತ್ತು. ಅತ್ತೆಯ ಮುಖ ನೋಡಿ ಸುಮ್ಮನಾದ. ಶೈಲಶ್ರೀ ಉಪ್ಪಿಟ್ಟಿನ ತಾಟು ಹಿಡಿದು ಅಲ್ಲೇ ಕಲ್ಲಾದಳು. ಏಳುವಾಗ ನಾಗರತ್ನಾ "ಯವ್ವಾ, ಶಿವನೇ" ಎಂದು ಮೂರು ಕಂತಿನಲ್ಲಿ ಎದ್ದಳು. ಮಹಾದೇವಕ್ಕ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಒಂದು ಗಳಿಗೆ ಆ ಬಿಗಿದ ತುಟಿ ಸಡಿಲವಾದಂತೆ ಕಂಡಿತು. ಆಮೇಲೆ ಅವಳು ಚೀಲದ ಬಾಯಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ನೋಡೂಣು. ತಿಳಸ್ತೇವಿ" ಅಂದಳು.

ಬಾಗಿಲು ದಾಟಿ ಅವರ ಚಪ್ಪಲಿಯ ಸಪ್ಪಳ ನಿಂತಿತು. ಖಣ ಹೋಯಿತು. ಶಿವಯೋಗಿ ಉಪ್ಪಿಟ್ಟಿನ ತಾಟುಗಳನ್ನು ಒಂದರೊಳಗೊಂದು ಇಟ್ಟ. ಹದಿನೈದು ನಿಮಿಷಕ್ಕೆ ಶೈಲಶ್ರೀಯ ಫೋನು ಗುಂಯ್‌ಗುಟ್ಟಿತು. ಸುಭಾಸ ಹಾನಗಲ್ಲ ಬಸ್ಸಿನಲ್ಲಿ ಕುಳಿತು ಕಳಿಸಿದ್ದ. ಅವಳು ಗಟ್ಟಿಯಾಗಿ ಓದಿದಳು. ಗಣಿತದ ಪ್ರಶ್ನೆ ಓದುವ ದನಿಯಲ್ಲೇ, ನಡುವೆ ಮಾತ್ರ ಸ್ವಲ್ಪ ಒಡೆದಿತ್ತು.

"'ನಮ್ಮತ್ತಿಗೆ ನೀ ಬಾಳ ಸೇರಿದಿ. ಆದರ ನಿಮ್ಮವ್ವನ ನೋಡಿ ಹೆದರ್ಯಾರ. ಅತ್ತಿ ತಮ್ಮ ಗಂಡನ ತಾಯಿನ್ನ ಹನ್ನೊಂದ ವರ್ಷ ಹಾಸಿಗ್ಯಾಗ ನೋಡಿಕೊಂಡಾಕಿ. ಒಬ್ಬಾಕಿ ಮಗಳು, ಅವ್ವ ಹಿಂಗ, ಆ ಹುಡುಗಿ ಗಂಡನ ಮನಿ, ತವರಮನಿ, ಸಾಲಿ ಅಂತ ಮೂರು ಊರಿಗೆ ಹರದು ಹೋಕ್ಕಾಳ, ಆ ಪಾಪ ನನಗ ಬ್ಯಾಡ ಅನ್ನಾಕತ್ತಾರ.'"

ನಾಗರತ್ನಾ ಕನ್ನಡಕ ತೆಗೆದಳು.

"ಅಂದ್ರ, ನಾ ಮುದುಕಿ ಅಂತ ಬ್ಯಾಡ ಅಂದ್ರಾ?"

"ಹೂಂ."

"ನಾನು?"

"ಹೂಂ ಅಂದೆನಲ್ಲ ಅವ್ವಾ!"

"ಶೈಲಾ, ಚಪ್ಪಲಿ ಮೆಟ್ಟು." ಅಷ್ಟು ಹೇಳಿ ಕೋಲನ್ನು ಶಿವಯೋಗಿಯ ಕೈಗೆ ಕೊಟ್ಟು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚೆ ಬಿಗಿದು ಗಿರಣಿಗೆ ಓಡಿದಳು.

ಗಿರಣಿ ಬೆಳಿಗ್ಗೆಯಿಂದ ನಡೆದಿತ್ತು. ಚೀಲದ ಹಿಂದಿನ ಸ್ಕೂಟಿ ಗಿಳಿಹಸಿರು ಬಣ್ಣವನ್ನು ಪೂರ್ತಿ ಬಿಟ್ಟು ಜೋಳದ ಹಿಟ್ಟಿನಲ್ಲಿ ಮಾಡಿಟ್ಟ ಸ್ಕೂಟಿಯಾಗಿತ್ತು. "ಒರಸಿಕೊಡ್ತೇನಿ ತಡೀಯಕ್ಕ" ಎಂದು ರಾಜೇಸಾಬ ಚಿಂದಿ ಹುಡುಕುವಷ್ಟರಲ್ಲಿ ಅದು ಹೊರಗೆ ಬಂದಾಗಿತ್ತು. ಬೆಕ್ಕಿನ ಕಿವಿಯ ಹೆಲ್ಮೆಟ್ಟನ್ನು ನಾಗರತ್ನಾ ಮಗಳ ತಲೆಗೆ ಒತ್ತಿದಳು.

"ಇದನ್ನ ನಾ ಹಾಕ್ಕೊಳ್ಳೂದಿಲ್ಲ. ನನ್ನ ವಿದ್ಯಾರ್ಥಿಗಳು ನೋಡ್ತಾರ!"

"ಗಂಡ ಬೇಕೋ, ವಿದ್ಯಾರ್ಥಿಗಳು ಬೇಕೋ?"

ಹೆಲ್ಮೆಟ್ಟು ಏರಿತು.

ಹಾಯ್ವೇ ಹಿಡಿದ ಮೇಲೆ ಹಿಟ್ಟು ಏಳತೊಡಗಿತು. ಮೊದಲು ಹ್ಯಾಂಡಲ್ಲಿನಿಂದ, ಆಮೇಲೆ ಸೀಟಿನಿಂದ, ಆಮೇಲೆ ಎಲ್ಲಿಂದಲೋ. ತಾಯಿ-ಮಗಳು ಬಿಳಿಯ ಮೋಡವೊಂದರೊಳಗೆ ಕುಳಿತು ಹೋಗುತ್ತಿರುವಂತೆ ಲಾರಿಯವರಿಗೆ ಕಂಡಿತು. ಒಬ್ಬ ಡ್ರೈವರು ದೇವರೆಂದು ತಿಳಿದು ಎದೆ ಮುಟ್ಟಿಕೊಂಡ.

"ಮೆಲ್ಲಕ ಅವ್ವಾ! ಎಷ್ಟರಾಗ ಹೊಂಟೀವಿ?"

"ನೀ ಹೇಳು, ಗಣಿತ ನಿಂದಲ್ಲ! ಬಸ್ಸು ಮುಂದ ಹೋಗಿ ಹದಿನೈದು ನಿಮಿಷ ಆತು!"

"ಬಸ್ಸು ಎಷ್ಟರಾಗ ಹೊಂಟೈತಿ ಅನ್ನೂದ ಗೊತ್ತಿಲ್ಲದ ಹ್ಯಾಂಗ ಬಿಡಸಲಿ?"

"ಹಂಗಾದ್ರ ನನ್ನ ನಡ ಗಟ್ಟಿ ಹಿಡಿ!"

ಒಂದು ತಿರುವಿನಲ್ಲಿ ಹೆಲ್ಮೆಟ್ಟಿನ ಒಂದು ಕಿವಿ ಕಿತ್ತು ಹಾರಿತು. ಶೈಲಶ್ರೀ ಚೀರಿದಳು. ಚೀರಿದ್ದು ನಡುದಾರಿಯಲ್ಲಿ ಎಲ್ಲೋ ನಗೆಯಾಯಿತು. ನಗೆ ನಿಲ್ಲಲಿಲ್ಲ. ಬಾಯಲ್ಲಿ ಹಿಟ್ಟು ಹೋಯಿತು, ಉಗುಳಿದಳು, ಮತ್ತೆ ನಕ್ಕಳು. ಮೆಂತ್ಯದ ನೀರು ಕುಡಿದು ಬೆಳೆದ ಇಪ್ಪತ್ತಾರು ವರ್ಷದ ಮಗಳು ಬೆನ್ನಿಗೆ ಹಣೆ ಒತ್ತಿ ನಗುವುದರ ಅಳತೆಯನ್ನು ನಾಗರತ್ನಾ ಸೀರೆಯ ಮೇಲಿಂದಲೇ ತೆಗೆದುಕೊಂಡಳು. ಬಂಕಾಪುರದ ಸ್ಟ್ಯಾಂಡಿನಲ್ಲಿ ಹಾನಗಲ್ಲ ಬಸ್ಸು ಹಿಂದಕ್ಕೆ ಸರಿದು ಇನ್ನೇನು ಹೊರಡುವುದಿತ್ತು. ಸ್ಕೂಟಿ ಹೋಗಿ ಅದರ ಮುಂದೆ ಅಡ್ಡ ನಿಂತಿತು.

"ಏ ಯಕ್ಕಾ! ಸಾಯಾಕ ನನ್ನ ಬಸ್ಸ ಸಿಕ್ತಾ?" ಡ್ರೈವರು ಕೂಗಿದ.

"ಎರಡ ನಿಮಿಷ ತಮ್ಮಾ. ನನ್ನ ಬೀಗತಿ ಅದಾಳ ಒಳಗ."

ಮಹಾದೇವಕ್ಕ ಮೂರನೇ ಕಿಟಕಿಯಲ್ಲಿ ಕುಳಿತಿದ್ದಳು. ಕೆಳಗೆ ನಿಂತ ಬಿಳಿಯ ಹೆಂಗಸನ್ನು ನೋಡಿದಳು. ಅವಳ ಕಿತ್ತಳೆ ಬೂಟು ನೋಡಿದಳು. ಅದನ್ನು ಮಾತ್ರ ಬಿಚ್ಚಿಡಲು ಬೆಳಿಗ್ಗೆ ಯಾರಿಗೂ ನೆನಪಾಗಿರಲಿಲ್ಲ, ಸೀರೆ ಅಷ್ಟು ಉದ್ದವಿತ್ತು.

"ಯಾರವ್ವ ನೀನು?"

"ನಾನ್ರಿ. ನಾಗರತ್ನಾ. ಈಗ ನಿಮ್ಮ ಮುಂದ ಕೆಮ್ಮಿದಾಕಿ."

ಬಸ್ಸಿನೊಳಗೆ ಗುಜುಗುಜು ಎದ್ದಿತು. ಹಿಂದಿನವರು ಮುಂದೆ ಬಂದರು. ಸುಭಾಸ ಬಾಗಿಲಿಗೆ ಬಂದವನು ಒಂಟಿ ಕಿವಿಯ ಶೈಲಶ್ರೀಯನ್ನು ನೋಡಿ ಅಲ್ಲೇ ಕಂಬ ಹಿಡಿದು ನಿಂತ.

"ಕೋಲು ಎಲ್ಲೈತಿ?"

"ಮನಿಯವರ ಕೈಯಾಗ ಕೊಟ್ಟು ಬಂದೇನ್ರಿ. ಅವರಿಗೆ ಚಲೋ ಒಪ್ಪತೈತಿ. ನನಗ ನಲವತ್ತಾರ್ರಿ. ಮಣಕಾಲು ಗಟ್ಟಿ ಅದಾವು. ಗಂಜಿ ಕುಡಿಯಂಗಿಲ್ಲ, ಮಿರ್ಚಿ ತಿಂತೇನಿ. ನಮ್ಮೂರಾಗ ನನಗ ಹಾಲಹಲ್ಲು ಅಂತಾರ."

"ಹಂಗಂದ್ರ?"

ಬಸ್ಸಿನಲ್ಲಿದ್ದ ಶಿಗ್ಗಾಂವಿಯ ಮೂವರು ಒಟ್ಟಿಗೇ ವಿವರಿಸತೊಡಗಿದರು. ಕಂಡಕ್ಟರು ತನ್ನ ಮಾವನನ್ನು ಉದಾಹರಣೆ ಕೊಟ್ಟ. ಮಹಾದೇವಕ್ಕ ಎಲ್ಲ ಕೇಳಿದಳು. ತುಟಿ ಇನ್ನಷ್ಟು ಬಿಗಿಯಿತು.

"ಹಂಗಾದ್ರ ಸುಳ್ಳು ಯಾಕ ಹೇಳಿದ್ರಿ? ಸುಳ್ಳು ಹೇಳೋ ಮನಿಗೆ ನಾ ಹ್ಯಾಂಗ ಸಂಬಂಧ ಮಾಡ್ಲಿ?"

ಬಸ್ಸು ಗುರುಗುಡುತ್ತಿತ್ತು. ಆಗ ಶೈಲಶ್ರೀ ಹೆಲ್ಮೆಟ್ಟು ತೆಗೆದು ಕಿಟಕಿಯ ಕೆಳಗೆ ಬಂದಳು. ಹೆಲ್ಮೆಟ್ಟಿದ್ದಷ್ಟು ಜಾಗ ಕಪ್ಪು, ಉಳಿದದ್ದೆಲ್ಲ ಬಿಳಿ.

"ಸುಳ್ಳು ಅವ್ವಂದಲ್ರಿ, ನಂದು. ಗಿರಣಿಯವರಿಗೆ, ಎಲ್ಲಾರಿಗೂ ನಾನ ಹೇಳಿ ಬಂದೆ. ನಮ್ಮವ್ವ ಹಿಂಗ ಅಂತ ಹೇಳಾಕ ನನಗ ನಾಚಿಕಿ ಆಗಿತ್ತು." ತುಟಿಯ ಮೇಲಿನ ಹಿಟ್ಟು ಒರೆಸಿಕೊಂಡಳು. "ಈಗ ಇಲ್ಲ. ನೀವು ಬ್ಯಾಡ ಅಂದ್ರೂ ಇಲ್ಲ. ಆದರ ನನಗ ಸುಭಾಸ ಬೇಕ್ರಿ."

ಇಷ್ಟನ್ನು ಬಸ್ ಸ್ಟ್ಯಾಂಡಿನಲ್ಲಿ, ಐವತ್ತು ಜನರ ಮುಂದೆ, ಗಣಿತದ ಟೀಚರು ಹೇಳಿದ್ದು ಕೇಳಿ ಸುಭಾಸ ಕೆಂಪಾದ. ಯಾರೋ ಹಿಂದಿನ ಸೀಟಿನಿಂದ ಸೀಟಿ ಹೊಡೆದರು. ಸುಭಾಸನೂ ಶೈಲಶ್ರೀಯೂ ಮಹಾದೇವಕ್ಕನ ಕಡೆ ಹೆದರಿ ನೋಡಿದರು.

ಮಹಾದೇವಕ್ಕ ಕಿಟಕಿಯಿಂದ ಬಗ್ಗಿ ಆ ಸ್ಕೂಟಿಯನ್ನು ನೋಡಿದಳು.

"ನಲವತ್ತಾರು ಅಂದ್ರಿ?"

"ಹೌದ್ರಿ."

"ಇನ್ನ ಎಷ್ಟ ವರ್ಷ ಹಿಂಗ ಇರ್ತೀರಿ?"

"ಅದನ್ನ ಹ್ಯಾಂಗ್ರಿ ಹೇಳ್ಲಿ? ಆದರ ಮಗಳ ಮ್ಯಾಲ ಬಿದ್ದು ಇರೂ ಪೈಕಿ ಅಲ್ಲ ನಾ. ಅಬಲೂರಿಗೆ ಬಂದ್ರ ಅರ್ಧ ದಿನದಾಗ ನೀವ ಬೇಸತ್ತು ಕಳಸ್ತೀರಿ."

ಬಿಗಿದ ತುಟಿಯ ಒಂದು ಮೂಲೆ ಮೇಲೆ ಹೋಯಿತು. ಕಂಕುಳಿನ ಚೀಲ ಮಡಿಲಿಗೆ ಬಂತು.

"ಕಂಡಕ್ಟರ್ ಸಾಹೇಬರ, ಎರಡ ನಿಮಿಷ ಅಂದ್ರಲ್ಲ ಅವರು, ಐದು ಮಾಡ್ರಿ. ಹುಡುಗಿ, ಮ್ಯಾಲ ಬಾ."

ಬಸ್ಸಿಗೆ ಹುಚ್ಚು ಹಿಡಿಯಿತು. ಖಣ ಹೊರಬಂತು, ತೆಂಗಿನಕಾಯಿ ಬಂತು, ಕುಂಕುಮದ ಡಬ್ಬಿ ಬಂತು. ಅಕ್ಕಿ ಇರಲಿಲ್ಲ, ಅದನ್ನು ಹೆಣ್ಣಿನ ಮನೆಯಲ್ಲೇ ಕೇಳಿ ಪಡೆಯುವುದು ರೂಢಿ. ಕೊನೆಯ ಸೀಟಿನ ಯಂಕವ್ವ ಎಂಬ ಮುದುಕಿ ತನ್ನ ರೇಶನ್ ಚೀಲದ ಗಂಟು ಹಲ್ಲಿನಿಂದ ಬಿಚ್ಚಿ, "ಐದ ಹಿಡಿ ತಗೋರಿ, ಹುಳ ಇಲ್ಲ" ಎಂದು ಕೊಟ್ಟು, ಕೇಳುವ ಮೊದಲೇ ಸೋಬಾನ ಎತ್ತಿದಳು. ಡ್ರೈವರು ತಾಳಕ್ಕೆ ಹಾರ್ನು ಒತ್ತಿದ. ಡ್ರೈವರನ ಸೀಟಿನ ಹಿಂದೆ, 'ಕೈ ಹೊರಗೆ ಚಾಚಬೇಡಿ' ಎಂದು ಬರೆದಿದ್ದರ ಕೆಳಗೆ, ಶೈಲಶ್ರೀಯ ಹಿಟ್ಟಿನ ಮಡಿಲು ತುಂಬಿತು. ಕುಂಕುಮ ಹಚ್ಚಲು ಮಹಾದೇವಕ್ಕ ಮೊದಲು ಹಣೆಯನ್ನು ಸೆರಗಿನಿಂದ ಒರೆಸಬೇಕಾಯಿತು. ಒರೆಸುವಾಗ ಅವಳೇ ನಕ್ಕಳು. ನಗೆ ಬಂದದ್ದಕ್ಕೆ ಸಿಟ್ಟು ಬಂದವಳಂತೆ ಸುಭಾಸನಿಗೆ, "ಏನ್ ಹಲ್ಲ ಕಿಸಿಯಾಕತ್ತಿ? ಅತ್ತಿ ಆಗಾಕಿಗೆ ನಮಸ್ಕಾರ ಮಾಡು" ಎಂದಳು.

ಬಸ್ಸು ಹೊರಡುವಾಗ ಕಿಟಕಿಯಿಂದ ಒಂದು ಕೈ ನಾಗರತ್ನಾಳನ್ನು ಹತ್ತಿರ ಕರೆಯಿತು. ಅದರಲ್ಲಿ ಮತ್ತೊಂದು ಖಣವಿತ್ತು, ದಾಳಿಂಬೆ ಬಣ್ಣದ್ದು. ಮಹಾದೇವಕ್ಕ ಅತ್ತಿತ್ತ ನೋಡಿ, ದನಿ ಇಳಿಸಿದಳು.

"ಲಗ್ನಕ್ಕ ನನಗೊಂದು ಕುಬಸ ಹೊಲದುಕೊಡ್ರಿ. ಹಿಂದ ದಾರ ಕಟ್ಟಿ, ತುದಿಗೆ ಗೊಂಡೆ ಬಿಟ್ಟಿರ್ತಾರಲ್ಲ, ಈಗಿನ ಹುಡುಗ್ಯಾರು. ಹಂಗ. ಅಳತಿಗೆ ಯಾವಾಗ ಬರ್ಲಿ?"

"ಬರೂದು ಬ್ಯಾಡ್ರಿ. ಮೂವತ್ತೆಂಟು."

"ನಲವತ್ತು."

"ಮೂವತ್ತೆಂಟ. ನನ್ನ ಬಾಯಿ ಸುಳ್ಳು ಹೇಳ್ತೈತಿ, ಕಣ್ಣು ಹೇಳಂಗಿಲ್ಲ. ಗೊಂಡೆ ಎಷ್ಟು ಇಡ್ಲಿ?"

ಬಸ್ಸು ಚಲಿಸಿತು. ಕಿಟಕಿಯಿಂದ ನಾಲ್ಕು ಬೆರಳು ಮೇಲೆದ್ದವು.

ತಾಯಿ-ಮಗಳು ಶಿಗ್ಗಾಂವಿಗೆ ಮರಳಿದಾಗ ಗಿರಣಿಯ ಬಾಗಿಲಲ್ಲಿ ರಾಜೇಸಾಬ, ಶಾಕೀರಾ, ದಾದಾಪೀರ, ಕೋಲು ಹಿಡಿದ ಶಿವಯೋಗಿ ಸಾಲಾಗಿ ನಿಂತಿದ್ದರು. ಸ್ಕೂಟಿಯನ್ನು ಈಗ ಶೈಲಶ್ರೀ ನಡೆಸುತ್ತಿದ್ದಳು, ಎರಡೂ ಕಾಲು ನೆಲಕ್ಕೆ ಬಿಟ್ಟು, ಎತ್ತಿನ ಗಾಡಿಯ ವೇಗದಲ್ಲಿ, ಹಾರ್ನು ಮಾತ್ರ ಬಿಡದೆ ಹೊಡೆಯುತ್ತ.

"ಏನಾತು?" ಎಲ್ಲರೂ ಕೇಳಿದರು.

"ಉಡಿ ತುಂಬಿದ್ರು!"

ರಾಜೇಸಾಬ ಎದೆಯುಬ್ಬಿಸಿ ಶಾಕೀರಾಳ ಕಡೆ ತಿರುಗಿದ. "ನಾ ಹೇಳಿರಲಿಲ್ಲ? ಆ ಗಂಜಿ ಮಾತು ಕೆಲಸ ಮಾಡ್ತು ನೋಡು."

"ಗಂಜಿ ಅಲ್ರಿ, ಬಳಿ" ಅಂದಳು ಶಾಕೀರಾ.

ದಾದಾಪೀರ ಐದು ಪೂರ್ತಿ ಕಪ್ಪು ಚಹಾಕ್ಕೆ ಸಕ್ಕರೆ ಹಾಕಲು ತನ್ನ ಅಂಗಡಿಗೆ ಹೋದ.